ನಿತ್ಯಜೀವದ ಭರವಸೆ



ಬೆಟ್ಟ ಹತ್ತಿ ಬರುವವರಲ್ಲಿ ಬೇಡಿಕೆ ಇಲ್ಲದೆ ಬರುವವರು ಕಡಿಮೆ. ಮಗಳಿಗೆ ಕಂಕಣ ಕೂಡಿ ಬರಲಿ, ಮಗನಿಗೆ ಗಲ್ಫ್‌ನಲ್ಲಿ ಕೆಲಸ ಆಗಲಿ, ಆಪರೇಷನ್ ಸುಸೂತ್ರವಾಗಲಿ, ಯಜಮಾನರು ಕುಡಿತ ಬಿಡಲಿ, ಜಮೀನಿನ ವ್ಯಾಜ್ಯ ಮುಗಿಯಲಿ ಅಂತ ಚೀಟಿ ಬರೆದು ಪೆಟ್ಟಿಗೆಗೆ ಹಾಕುತ್ತಾರೆ. ಇವು ಕೇಳಬಾರದ ಬೇಡಿಕೆಗಳೇನಲ್ಲ. ಅನುದಿನದ ಆಹಾರವನ್ನು ಕೇಳಿರಿ ಎಂದು ಕಲಿಸಿದವರು ಯೇಸುಸ್ವಾಮಿಯೇ. ಆದರೆ ಈ ಎಲ್ಲ ಬೇಡಿಕೆಗಳು ಈಡೇರಿದ ಮೇಲೂ ಉಳಿಯುವ ಒಂದು ಪ್ರಶ್ನೆ ಇದೆ. ಅದನ್ನು ಚೀಟಿಯಲ್ಲಿ ಬರೆಯುವವರು ಅಪರೂಪ. ಸತ್ತ ಮೇಲೆ ನನ್ನ ಗತಿ ಏನು? ದೇವರ ಹತ್ತಿರ ಹೋಗಿ ಸೇರುತ್ತೇನೆ ಅನ್ನುವುದಕ್ಕೆ ಏನು ಗ್ಯಾರಂಟಿ?

ಈಚಿನ ವರ್ಷಗಳಲ್ಲಂತೂ ಈ ಪ್ರಶ್ನೆ ಮನೆ ಬಾಗಿಲಿಗೇ ಬಂದಿದೆ. ಬೇರೆ ಪ್ರಾರ್ಥನಾ ಕೂಟಕ್ಕೆ ಹೋಗತೊಡಗಿದ ಮಗನೋ ಅಳಿಯನೋ ಊಟಕ್ಕೆ ಕೂತಾಗ ಕೇಳುತ್ತಾನೆ: "ಅಮ್ಮಾ, ನಿನಗೆ ರಕ್ಷಣೆ ಆಗಿದೆಯಾ? ಇವತ್ತು ರಾತ್ರಿ ಪ್ರಾಣ ಹೋದರೆ ಎಲ್ಲಿಗೆ ಹೋಗ್ತೀಯ?" ಐವತ್ತು ವರ್ಷ ಜಪಸರ ಹಿಡಿದ ತಾಯಿ ಬಾಯಿ ಕಟ್ಟಿದಂತೆ ಕೂರುತ್ತಾಳೆ. ಆಗಿದೆ ಅಂದರೆ ಅಹಂಕಾರದ ಮಾತಾಗುತ್ತದೆ. ಗೊತ್ತಿಲ್ಲ ಅಂದರೆ ಇಷ್ಟು ವರ್ಷದ ಪ್ರಾರ್ಥನೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಯಿತೇ ಎಂಬ ಭಯ. ಕೇಳಿದವನು ಒಳ್ಳೆಯದಕ್ಕೇ ಕೇಳಿರಬಹುದು. ಆದರೂ ಆ ರಾತ್ರಿ ತಾಯಿಗೆ ನಿದ್ದೆ ಬರುವುದಿಲ್ಲ.

ಇದೇ ಇಕ್ಕಟ್ಟಿನಲ್ಲಿ ಸುಮಾರು 600 ವರ್ಷಗಳ ಹಿಂದೆ ಒಬ್ಬ ಹುಡುಗಿ ಸಿಕ್ಕಿಬಿದ್ದಿದ್ದಳು. ಅವಳಿಗೆ ಆ ಪ್ರಶ್ನೆ ಊಟದ ಹೊತ್ತಿನಲ್ಲಿ ಬರಲಿಲ್ಲ, ಕಾಲಿಗೆ ಕೋಳ ಹಾಕಿದ್ದ ಸೆರೆವಾಸದ ನಡುವೆ ನ್ಯಾಯಾಧೀಶರ ಬಾಯಿಂದ ಬಂತು. ಅವಳೇ ಫ್ರಾನ್ಸ್ ದೇಶದ ಸಂತ ಜೋನ್ ಆಫ್ ಆರ್ಕ್. ದೋಮ್ರೆಮಿ ಎಂಬ ಹಳ್ಳಿಯ ಬೇಸಾಯಗಾರರ ಮಗಳು. ಓದು ಬರಹ ಬಾರದು. ಪರಲೋಕ ಪ್ರಾರ್ಥನೆ, ನಮೋ ಮರಿಯಾ, ವಿಶ್ವಾಸ ಸಂಗ್ರಹ ಇವಿಷ್ಟನ್ನು ತಾಯಿಯಿಂದ ಕಲಿತೆ ಎಂದು ಆಕೆಯೇ ವಿಚಾರಣೆಯಲ್ಲಿ ಹೇಳಿದ್ದಾಳೆ. ಇಂಗ್ಲಿಷರ ಮುತ್ತಿಗೆಯಲ್ಲಿದ್ದ ಓರ್ಲಿಯನ್ಸ್ ಪಟ್ಟಣ 1429ರ ಮೇ ತಿಂಗಳಲ್ಲಿ ಬಿಡುಗಡೆಯಾದದ್ದು ಈ ಹುಡುಗಿ ಸೈನ್ಯದ ಮುಂದೆ ನಿಂತಾಗ. ಮರುವರ್ಷ ಮೇ 23ರಂದು ಶತ್ರುಗಳ ಕೈಗೆ ಸಿಕ್ಕಳು. ಅವರು ಹಣ ಪಡೆದು ಇಂಗ್ಲಿಷರಿಗೆ ಒಪ್ಪಿಸಿದರು. ರುವಾನ್ ಪಟ್ಟಣದಲ್ಲಿ, ಇಂಗ್ಲಿಷರ ಪರವಾಗಿದ್ದ ಪಿಯೆರ್ ಕೋಶೋಂ ಎಂಬ ಧರ್ಮಾಧ್ಯಕ್ಷರ ಮುಂದೆ ಧರ್ಮದ್ರೋಹದ ವಿಚಾರಣೆ ನಡೆಯಿತು. ಅವಳ ವಯಸ್ಸು ಆಗ ಹತ್ತೊಂಬತ್ತರ ಆಸುಪಾಸು. ಎದುರಿಗೆ ಕುಳಿತವರು ಹತ್ತಾರು ಮಂದಿ ಘಟಾನುಘಟಿ ಪಂಡಿತರು.

1431ರ ಫೆಬ್ರವರಿ 24. ಅಂದು ಕೇಳಿದ ಪ್ರಶ್ನೆ: ನೀನು ದೇವರ ವರಪ್ರಸಾದದಲ್ಲಿ ಇದ್ದೀಯೆಂದು ನಿನಗೆ ಗೊತ್ತಿದೆಯೇ? ಇದು ಬಲೆ. ವರಪ್ರಸಾದದ ಸ್ಥಿತಿಯಲ್ಲಿ ಇದ್ದೇನೆಂದು ಯಾರೂ ಖಡಾಖಂಡಿತವಾಗಿ ಹೇಳಲಾರರು ಎಂಬುದು ಧರ್ಮಸಭೆಯ ಬೋಧನೆ. ಹೌದು ಅಂದರೆ ಆ ಬೋಧನೆಗೆ ವಿರುದ್ಧ. ಇಲ್ಲ ಅಂದರೆ ತಾನು ಪಾಪಿ, ತನಗೆ ಕೇಳಿಸಿದ ದನಿ ದೇವರದಲ್ಲ ಎಂದು ತಾನೇ ಒಪ್ಪಿಕೊಂಡಂತೆ. ಅಲ್ಲಿದ್ದ ಪಂಡಿತರಲ್ಲೇ ಒಬ್ಬರು, ಇದು ಇಂಥ ಹುಡುಗಿಗೆ ಕೇಳುವಂಥ ಪ್ರಶ್ನೆಯಲ್ಲ ಎಂದು ಆಕ್ಷೇಪ ಎತ್ತಿದ್ದಾಗಿ ಮುಂದೆ ಸಾಕ್ಷಿ ನುಡಿದರು.

ಜೋನ್ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ತಾನು ವರಪ್ರಸಾದದಲ್ಲಿ ಇಲ್ಲದಿದ್ದರೆ ದೇವರು ತನ್ನನ್ನು ಅಲ್ಲಿಗೆ ಸೇರಿಸಲಿ, ಇದ್ದರೆ ಅಲ್ಲೇ ಉಳಿಸಿಕೊಳ್ಳಲಿ ಎಂದಳು. ತಾನು ದೇವರ ವರಪ್ರಸಾದದಲ್ಲಿ ಇಲ್ಲವೆಂದು ತಿಳಿದರೆ ಲೋಕದಲ್ಲಿ ತನ್ನಷ್ಟು ದುಃಖಿ ಬೇರೆ ಯಾರೂ ಇರಲಾರರು ಎಂದೂ ಸೇರಿಸಿದಳು. ಕೇಳಿದವರು ದಂಗಾಗಿ ಹೋದರು ಎಂದು ಅಂದು ದಾಖಲೆ ಬರೆಯುತ್ತಿದ್ದವರಲ್ಲಿ ಒಬ್ಬರು ಎಷ್ಟೋ ವರ್ಷಗಳ ನಂತರವೂ ನೆನೆಸಿಕೊಂಡಿದ್ದಾರೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲಿ ವರಪ್ರಸಾದದ ಬಗ್ಗೆ ಹೇಳುವ ಕಡೆ ಈ ಅಕ್ಷರ ಬಾರದ ಹುಡುಗಿಯ ಉತ್ತರವನ್ನೇ ಹಾಕಿದ್ದಾರೆ.

ಆ ಉತ್ತರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪ್ರಶ್ನೆ ಅವಳ ಬಗ್ಗೆ ಇತ್ತು: ನಿನಗೆ ಗೊತ್ತಾ, ನೀನು ಇದ್ದೀಯಾ ಅಂತ. ಉತ್ತರದಲ್ಲಿ ಕೆಲಸ ಮಾಡುವವರು ದೇವರು. ಸೇರಿಸುವವರೂ ಅವರೇ, ಉಳಿಸಿಕೊಳ್ಳುವವರೂ ಅವರೇ. ತನ್ನ ಒಳಗನ್ನು ತೂಕಕ್ಕೆ ಹಾಕಿ ಇಷ್ಟು ಕಿಲೋ ಪುಣ್ಯ ಇದೆ ಎಂದು ತೋರಿಸುವ ಕಡೆಗೆ ಅವಳು ಹೋಗಲೇ ಇಲ್ಲ. ಮನೆಯಲ್ಲಿ ಮಗ ಕೇಳಿದಾಗ ಬಾಯಿ ಕಟ್ಟುವ ತಾಯಿಗೂ ಈ ಉತ್ತರ ಸಾಕು.

ಇಷ್ಟಕ್ಕೂ ನಿತ್ಯಜೀವ ಅಂದರೇನು? ಸಾವಿನ ನಂತರ ಸಿಗುವ ಮುಗಿಯದ ಆಯುಸ್ಸು ಅಂತಲೇ ಹೆಚ್ಚಿನವರು ತಿಳಿದಿದ್ದಾರೆ. ಬರೀ ಮುಗಿಯದ ಆಯುಸ್ಸು ಯಾರಿಗೆ ಬೇಕು? ಮಂಡಿನೋವು, ಸಾಲ, ಚಿಂತೆ ಇವೆಲ್ಲ ಕೊನೆಯಿಲ್ಲದೆ ನಡೆಯುವುದಾದರೆ ಅದು ವರವಲ್ಲ, ಶಾಪ. ಜಗದ್ಗುರು ಹದಿನಾರನೇ ಬೆನೆಡಿಕ್ಟ್‌ರವರು 2007ರಲ್ಲಿ ಭರವಸೆಯ ಬಗ್ಗೆ ಬರೆದ ವಿಶ್ವಪತ್ರದಲ್ಲಿ ಈ ಮಾತನ್ನೇ ಎತ್ತಿಕೊಂಡು, ನಿತ್ಯಜೀವವೆಂದರೆ ಕ್ಯಾಲೆಂಡರಿನ ದಿನಗಳು ಸಾಲಾಗಿ ಮುಗಿಯದೆ ಬರುವುದಲ್ಲ, ದೇವರ ಪ್ರೀತಿಯಲ್ಲಿ ಮುಳುಗುವುದು ಎಂಬ ಅರ್ಥದಲ್ಲಿ ವಿವರಿಸಿದ್ದಾರೆ. ಸಂತ ಯೊವಾನ್ನರ ಶುಭಸಂದೇಶದ 17ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಪ್ರಾರ್ಥನೆ ಮಾಡುವಾಗ, ತಂದೆಯನ್ನೂ ತಂದೆ ಕಳುಹಿಸಿದವರನ್ನೂ ಅರಿಯುವುದೇ ನಿತ್ಯಜೀವ ಎನ್ನುತ್ತಾರೆ. ಅರಿಯುವುದು ಅಂದರೆ ಪುಸ್ತಕದ ವಿದ್ಯೆಯಲ್ಲ. ಗಂಡ ಹೆಂಡತಿಯನ್ನು, ತಾಯಿ ಮಗುವನ್ನು ಅರಿಯುವ ಹಾಗೆ.

ಕನ್ನಡದ 'ನಿತ್ಯ' ಎಂಬ ಪದ ಇಲ್ಲಿ ಬಹಳ ಸಹಾಯ ಮಾಡುತ್ತದೆ. ನಿತ್ಯ ಎಂದರೆ ಎಂದೆಂದಿಗೂ ಇರುವುದು. ನಿತ್ಯ ಎಂದರೆ ದಿನಾಲೂ ಅಂತಲೂ ಹೌದು. ನಿತ್ಯದ ಊಟ, ನಿತ್ಯದ ಕೆಲಸ, ನಿತ್ಯ ಬಲಿಪೂಜೆ ಅನ್ನುತ್ತೇವೆ. ನಿತ್ಯಜೀವವೂ ಹಾಗೆ, ಸಾವಿನ ಆಚೆ ದಡದಲ್ಲಿ ಶುರುವಾಗುವುದಲ್ಲ. ಮಗುವಿನ ತಲೆಯ ಮೇಲೆ ಜ್ಞಾನಸ್ನಾನದ ನೀರು ಬಿದ್ದ ದಿನವೇ ಆರಂಭವಾಗಿ, ದಿನದಿನದ ಬದುಕಿನಲ್ಲಿ ಬೆಳೆಯುತ್ತದೆ. ತಮ್ಮ ಲಾಸರ ತೀರಿಹೋದಾಗ ಮಾರ್ತಳು, ಅಂತಿಮ ದಿನದಂದು ಅವನು ಎದ್ದು ಬರುತ್ತಾನೆಂದು ಬಲ್ಲೆ ಎಂದಳು. ಅವಳ ಲೆಕ್ಕದಲ್ಲಿ ಜೀವ ಎಲ್ಲೋ ದೂರದಲ್ಲಿತ್ತು. ಯೇಸುಸ್ವಾಮಿಯಾದರೋ ಪುನರುತ್ಥಾನವೂ ಜೀವವೂ ತಾವೇ ಎಂದರು. ಅಂದರೆ ಜೀವ ಅವಳ ಎದುರಿಗೇ ನಿಂತಿತ್ತು.

ಹಾಗಾದರೆ ಈ ಜೀವ ಕಳೆದುಹೋಗಬಹುದೇ? ಕ್ರೈಸ್ತರ ನಡುವೆ ಭಿನ್ನಾಭಿಪ್ರಾಯ ಇರುವುದು ಇಲ್ಲೇ. ಯೊವಾನ್ನರ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಒಳ್ಳೆಯ ಕುರಿಗಾಹಿಯಾದ ಯೇಸುಸ್ವಾಮಿ, ತಮ್ಮ ಕುರಿಗಳನ್ನು ತಮ್ಮ ಕೈಯಿಂದ ಯಾರೂ ಕಸಿದುಕೊಳ್ಳಲಾರರು ಎಂದು ಮಾತು ಕೊಡುತ್ತಾರೆ. ಇದನ್ನು ಹಿಡಿದು ಕೆಲವರು, ಒಮ್ಮೆ ರಕ್ಷಣೆ ಸಿಕ್ಕಿತೆಂದರೆ ಮುಗಿಯಿತು, ಮತ್ತೆ ಅದು ಹೋಗುವುದೇ ಇಲ್ಲ ಎನ್ನುತ್ತಾರೆ. ಧರ್ಮಸಭೆ ಆ ಮಾತಿನ ಒಂದಕ್ಷರವನ್ನೂ ಅಲ್ಲಗಳೆಯುವುದಿಲ್ಲ. ಹೊರಗಿನಿಂದ ಯಾರೂ ಕಸಿಯಲಾರರು, ನಿಜ. ಸೈತಾನನಾಗಲಿ, ಮಾಟ ಮಂತ್ರವಾಗಲಿ, ರೋಗವಾಗಲಿ, ಬಡತನವಾಗಲಿ ಕಸಿಯಲಾರದು. (ಮಾಟಕ್ಕೆ ಹೆದರಿ ತಾಯಿತ ಕಟ್ಟಿಸಿಕೊಂಡು ನಂತರ ಇಲ್ಲಿ ಮೇಣದಬತ್ತಿ ಹಚ್ಚಲು ಬರುವವರು ಈ ವಾಕ್ಯವನ್ನು ಎರಡು ಸಲ ಓದಿಕೊಳ್ಳಲಿ.) ಆದರೆ ಕುರಿ ತಾನಾಗಿ ದೊಡ್ಡಿ ಬಿಟ್ಟು ಹೋಗಬಹುದು. ಪೋಲಿಹೋದ ಮಗನ ಸಾಮತಿಯಲ್ಲಿ ತಂದೆ ಮಗನನ್ನು ಹಗ್ಗ ಹಾಕಿ ಕಟ್ಟಲಿಲ್ಲ. ಪ್ರೀತಿಗೆ ಬಾಗಿಲು ಹಾಕಿ ಬೀಗ ಜಡಿಯುವ ಅಭ್ಯಾಸ ಇಲ್ಲ.

ಇದೇ ಬಗೆಯ ಪ್ರಶ್ನೆಯನ್ನು ನಮ್ಮ ದಕ್ಷಿಣದ ಶ್ರೀವೈಷ್ಣವ ಹಿರಿಯರೂ ಚರ್ಚಿಸಿದ್ದಾರೆ. ಕೋತಿಯ ಮರಿ ತಾಯಿಯನ್ನು ತಾನೇ ಅಪ್ಪಿ ಹಿಡಿದುಕೊಳ್ಳುತ್ತದೆ. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಭಕ್ತ ಯಾವ ಮರಿಯ ಹಾಗೆ ಎಂಬುದು ಅವರ ವಾದ. ಕ್ರೈಸ್ತ ಬೋಧನೆಗೆ ಈ ಎರಡಕ್ಕಿಂತ ಜಾತ್ರೆಯಲ್ಲಿ ಅಪ್ಪನ ಕೈ ಹಿಡಿದ ಮಗು ಹತ್ತಿರ ಬರುತ್ತದೆ. ಮಗುವೂ ಹಿಡಿದಿರುತ್ತದೆ, ಅಪ್ಪನೂ ಹಿಡಿದಿರುತ್ತಾನೆ. ಮಗುವಿನ ಬೆರಳು ಸಡಿಲವಾದರೂ ಅಪ್ಪನ ಹಿಡಿತ ಇರುತ್ತದೆ. ಹಾಗಂತ ಮಗು ಹಟ ಮಾಡಿ ಕೈ ಕೊಸರಿಕೊಂಡು ಬಲೂನಿನ ಹಿಂದೆ ಓಡುವುದೇ ಇಲ್ಲ ಎನ್ನುವಂತಿಲ್ಲ. ಓಡಿದ ಮಗುವನ್ನು ಹುಡುಕುವವನೂ ಅಪ್ಪನೇ.

ಪ್ರೇಷಿತ ಪೌಲರ ಪತ್ರಗಳಲ್ಲಿ ಎರಡೂ ದನಿ ಕೇಳುತ್ತದೆ. ರೋಮನರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ, ಸಾವಾಗಲಿ ಜೀವವಾಗಲಿ ಯಾವ ಶಕ್ತಿಯೇ ಆಗಲಿ ದೇವರ ಪ್ರೀತಿಯಿಂದ ಅಗಲಿಸಲಾರದು ಎಂದು ಎದೆ ತಟ್ಟಿ ಹೇಳುತ್ತಾರೆ. ಅದೇ ಪೌಲರು ಕೊರಿಂಥದವರಿಗೆ, ನಿಂತಿದ್ದೇನೆ ಅಂದುಕೊಂಡವನು ಬೀಳದ ಹಾಗೆ ನೋಡಿಕೊಳ್ಳಲಿ ಎಂಬ ಎಚ್ಚರಿಕೆ ಕೊಡುತ್ತಾರೆ. ಬೇರೆಯವರಿಗೆ ಬೋಧಿಸಿ ತಾನೇ ಅನರ್ಹನಾಗದ ಹಾಗೆ ದೇಹವನ್ನು ದಂಡಿಸುತ್ತೇನೆ ಎಂದೂ ಬರೆದಿದ್ದಾರೆ. ಒಂದು ದೇವರ ಬಗ್ಗೆ ಹೇಳಿದ್ದು, ಇನ್ನೊಂದು ಮನುಷ್ಯನ ಬಗ್ಗೆ. 1547ರ ಜನವರಿ 13ರಂದು ಟ್ರೆಂಟ್ ಮಹಾಸಭೆ ಈ ಎರಡನ್ನೂ ಸೇರಿಸಿಯೇ ಬೋಧಿಸಿತು. ವಿಶೇಷ ಪ್ರಕಟಣೆ ಇಲ್ಲದೆ ಯಾರೂ ತಾನು ಕೊನೆಯವರೆಗೆ ಉಳಿದೇ ಉಳಿಯುತ್ತೇನೆಂದು ಖಚಿತವಾಗಿ ಹೇಳಿಕೊಳ್ಳಬಾರದು. ಅದೇ ಹೊತ್ತಿಗೆ ಎಲ್ಲರೂ ದೇವರ ಸಹಾಯದಲ್ಲಿ ಅತ್ಯಂತ ದೃಢವಾದ ಭರವಸೆ ಇಡಬೇಕು. ಮೊದಲ ಅರ್ಧವನ್ನು ಮಾತ್ರ ನೆನಪಿಟ್ಟವರು ಜೀವಮಾನವೆಲ್ಲ ಹೆದರಿ ಸತ್ತರು. ಎರಡನೆಯ ಅರ್ಧ ಅಷ್ಟೇ ಮುಖ್ಯ, ಇನ್ನೂ ಹೆಚ್ಚು ಮುಖ್ಯ ಎಂದರೂ ತಪ್ಪಿಲ್ಲ. ಈ ವಿಷಯದಲ್ಲಿ ಶತಮಾನಗಳ ಕಾಲ ಜಗಳ ಆಡಿದ ಕಥೋಲಿಕರೂ ಲೂಥರನ್ ಸಭೆಗಳವರೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ತಮ್ಮ ದುರ್ಬಲತೆ ಏನೇ ಇದ್ದರೂ ವಿಶ್ವಾಸಿಗಳು ದೇವರ ಕರುಣೆಯನ್ನೂ ವಾಗ್ದಾನವನ್ನೂ ನೆಚ್ಚಬಹುದು ಎಂದು ಅದರಲ್ಲಿ ಒಟ್ಟಾಗಿ ಹೇಳಿದ್ದಾರೆ. 2006ರಲ್ಲಿ ಮೆಥೋಡಿಸ್ಟರೂ ಅದಕ್ಕೆ ಸೇರಿಕೊಂಡರು. ಆದ್ದರಿಂದ ಪಕ್ಕದ ಮನೆಯ ಬೇರೆ ಸಭೆಯವರ ಜೊತೆ ಈ ಮಾತಿಗೆ ಮುಖ ಕೆಡಿಸಿಕೊಳ್ಳಬೇಕಾಗಿಲ್ಲ.

ಮತ್ತೆ ಜೋನ್ ಕಡೆಗೆ ಬರೋಣ. ಅವಳಿಗೆ ವಿಶೇಷ ಭರವಸೆ ಸಿಕ್ಕಿತ್ತು. ಮಾರ್ಚ್ 14ರಂದು ಸೆರೆಮನೆಯಲ್ಲಿ ವಿಚಾರಿಸಿದಾಗ, ತಾನು ರಕ್ಷಣೆ ಹೊಂದುತ್ತೇನೆಂದು ತನಗೆ ಕೇಳಿಸಿದ ದನಿಗಳು ಹೇಳಿವೆ, ಈಗಾಗಲೇ ಸ್ವರ್ಗದಲ್ಲಿದ್ದೇನೋ ಎಂಬಷ್ಟು ಗಟ್ಟಿಯಾಗಿ ಅದನ್ನು ನಂಬುತ್ತೇನೆ ಎಂದಳು. ಪಂಡಿತರು ಬಿಡಲಿಲ್ಲ. ಹಾಗಾದರೆ ಇನ್ನು ಮಾರಕಪಾಪ ಮಾಡುವುದು ನಿನ್ನಿಂದ ಆಗುವುದಿಲ್ಲವೋ? ಅದು ತನಗೆ ತಿಳಿಯದು, ಎಲ್ಲದರಲ್ಲೂ ದೇವರನ್ನೇ ನೆಚ್ಚುತ್ತೇನೆ ಎಂಬುದು ಅವಳ ಉತ್ತರ. ರಕ್ಷಣೆ ಖಚಿತವೆಂದ ಮೇಲೆ ಪಾಪನಿವೇದನೆ ಯಾಕೆ ಬೇಕು ಎಂದು ಕೇಳಿದಾಗ, ಮನಸ್ಸಾಕ್ಷಿಯನ್ನು ಎಷ್ಟು ತೊಳೆದರೂ ಹೆಚ್ಚಾಗುವುದಿಲ್ಲ ಎಂದಳು. ಟಿಕೆಟ್ ರಿಸರ್ವ್ ಆಗಿದೆ ಎಂದು ಮಲಗಿಬಿಡುವವರ ಮಾತಲ್ಲ ಇದು. ಮದುವೆ ನಿಶ್ಚಯವಾದ ಹೆಣ್ಣು ಮನೆ ಗುಡಿಸಿ ಸಾರಿಸುವ ಹಾಗೆ.

ಅಷ್ಟು ಗಟ್ಟಿಯಾಗಿದ್ದವಳೂ ಒಮ್ಮೆ ಬಿದ್ದಳು. ಇದನ್ನು ಮುಚ್ಚಿಡಬೇಕಾಗಿಲ್ಲ. 1431ರ ಮೇ 24ರಂದು ಸ್ಮಶಾನದ ಆವರಣದಲ್ಲಿ ಜನರ ಮುಂದೆ ನಿಲ್ಲಿಸಿ ಶಿಕ್ಷೆ ಓದತೊಡಗಿದಾಗ, ಬೆಂಕಿಯ ಭಯಕ್ಕೆ, ತಾನು ಹೇಳಿದ್ದೆಲ್ಲ ಸುಳ್ಳು ಎಂಬ ಕಾಗದಕ್ಕೆ ಗುರುತು ಹಾಕಿಬಿಟ್ಟಳು. ನಾಲ್ಕು ದಿನ ಕಳೆಯಿತು. ನ್ಯಾಯಾಧೀಶರು ಮತ್ತೆ ಬಂದಾಗ, ಜೀವ ಉಳಿಸಿಕೊಳ್ಳಲು ಸತ್ಯವನ್ನು ಅಲ್ಲಗಳೆದದ್ದು ದೊಡ್ಡ ತಪ್ಪು ಎಂದು ಹೇಳಿ ಕಾಗದವನ್ನು ತಿರಸ್ಕರಿಸಿದಳು. ಹಾಗೆ ಹೇಳಿದರೆ ಸುಡುತ್ತಾರೆಂದು ಗೊತ್ತಿದ್ದೇ ಹೇಳಿದಳು. ಬಿದ್ದವಳನ್ನು ದೇವರು ಬಿಟ್ಟುಬಿಟ್ಟಿದ್ದರೆ ಆ ಧೈರ್ಯ ಎಲ್ಲಿಂದ ಬರಬೇಕು? ಪೇತ್ರರೂ ಹೀಗೇ ಬೆಂಕಿ ಕಾಯಿಸಿಕೊಳ್ಳುವಾಗ ಮೂರು ಸಲ ಅಲ್ಲಗಳೆದು, ಅತ್ತು, ಮರಳಿ ಬಂದರು. ಯೂದನೂ ಪಶ್ಚಾತ್ತಾಪಪಟ್ಟು ಹಣ ಹಿಂದಕ್ಕೆ ಎಸೆದ, ಆದರೆ ಯೇಸುಸ್ವಾಮಿಯ ಬಳಿಗೆ ಹಿಂದಿರುಗಲಿಲ್ಲ.

ಮೇ 30ರ ಬೆಳಿಗ್ಗೆ ಆಕೆ ಪಾಪನಿವೇದನೆ ಮಾಡಿ ಪರಮಪ್ರಸಾದ ಸ್ವೀಕರಿಸಿದಳು. ಕಂಬಕ್ಕೆ ಕಟ್ಟುವ ಮುಂಚೆ ಶಿಲುಬೆ ಬೇಕೆಂದು ಕೇಳಿದಳು. ಒಬ್ಬ ಇಂಗ್ಲಿಷ್ ಸಿಪಾಯಿ ಕಟ್ಟಿಗೆಯ ತುಂಡುಗಳಿಂದ ಪುಟ್ಟ ಶಿಲುಬೆ ಮಾಡಿಕೊಟ್ಟ. ಇಸಾಂಬಾರ್ ಎಂಬ ಡೊಮಿನಿಕನ್ ಸಭೆಯ ಗುರುಗಳು ಹತ್ತಿರದ ದೇವಾಲಯದಿಂದ ಮೆರವಣಿಗೆಯ ಶಿಲುಬೆ ತಂದು ಅವಳ ಕಣ್ಣಿಗೆ ಕಾಣುವ ಹಾಗೆ ಎತ್ತಿ ಹಿಡಿದರು. ಯೇಸುವಿನ ನಾಮವನ್ನು ಕೂಗುತ್ತಾ ಅವಳು ಪ್ರಾಣ ಬಿಟ್ಟಳು. 1456ರಲ್ಲಿ ಆ ತೀರ್ಪು ರದ್ದಾಯಿತು. 1920ರಲ್ಲಿ ಆಕೆಗೆ ಸಂತ ಪದವಿ ದೊರೆಯಿತು.

ಇಷ್ಟು ಹೇಳಿದ ಮೇಲೆ ಯಾತ್ರಿಕರ ಮನಸ್ಸಿನಲ್ಲಿ ಇನ್ನೊಂದು ನೋವು ಉಳಿಯುತ್ತದೆ. ತನ್ನ ಬಗ್ಗೆ ಅಲ್ಲ, ಹೋದವರ ಬಗ್ಗೆ. ಪಾಪನಿವೇದನೆ ಇಲ್ಲದೆ ಅಪಘಾತದಲ್ಲಿ ತೀರಿಕೊಂಡ ಮಗ. ವರ್ಷಗಟ್ಟಲೆ ದೇವಾಲಯದ ಮೆಟ್ಟಿಲು ಹತ್ತದ ಗಂಡ. ಸಾಲದ ಬಾಧೆಗೆ ವಿಷ ಕುಡಿದ ಅಣ್ಣ. ಇವರಿಗೆ ರಕ್ಷಣೆ ಉಂಟೇ?

ಫ್ರಾನ್ಸ್ ದೇಶದ ಆರ್ಸ್ ಎಂಬ ಸಣ್ಣ ಹಳ್ಳಿಯಲ್ಲಿ 1818ರಿಂದ 1859ರವರೆಗೆ ಗುರುಗಳಾಗಿದ್ದ ಸಂತ ಜಾನ್ ಮರಿಯ ವಿಯಾನ್ನಿಯವರ ಬಳಿ ಪಾಪನಿವೇದನೆಗೆ ದೂರದೂರದಿಂದ ಜನ ಬರುತ್ತಿದ್ದರು. ಒಮ್ಮೆ ಸೇತುವೆಯಿಂದ ಹಾರಿ ಪ್ರಾಣ ಕಳೆದುಕೊಂಡವನ ವಿಧವೆ ಆ ಗುಂಪಿನಲ್ಲಿ ಇದ್ದಳಂತೆ. ಮಾತಾಡಲು ಅವಳಿಗೆ ಸರದಿಯೂ ಸಿಕ್ಕಿರಲಿಲ್ಲ. ಜನರ ನಡುವೆ ಹಾದು ಹೋಗುತ್ತಿದ್ದ ಗುರುಗಳು ಅವಳ ಬಳಿ ಬಗ್ಗಿ, ಅವನು ರಕ್ಷಣೆ ಹೊಂದಿದ್ದಾನೆ ಎಂದು ಮೆಲ್ಲಗೆ ಹೇಳಿದರು. ಅವಳಿಗೆ ನಂಬಿಕೆ ಬರಲಿಲ್ಲ. ಸೇತುವೆಯ ಕಟ್ಟೆಗೂ ನೀರಿಗೂ ನಡುವೆ ಪಶ್ಚಾತ್ತಾಪಪಡಲು ಅವನಿಗೆ ಸಮಯ ಸಿಕ್ಕಿತು ಎಂದು ಗುರುಗಳು ವಿವರಿಸಿದರು. ದೇವರ ಗೊಡವೆ ಇಲ್ಲದ ಆ ಮನುಷ್ಯ, ಮೇ ತಿಂಗಳಲ್ಲಿ ಹೆಂಡತಿ ಮಾತೆ ಮರಿಯಮ್ಮನವರ ಮುಂದೆ ಪ್ರಾರ್ಥನೆ ಮಾಡುವಾಗ ಕೆಲವೊಮ್ಮೆ ಜೊತೆಗೂಡಿದ್ದನಂತೆ. ಅದು ವ್ಯರ್ಥವಾಗಲಿಲ್ಲ ಎಂದು ಆ ಸಂತರ ಚರಿತ್ರೆ ಬರೆದವರು ಹೇಳುತ್ತಾರೆ.

ಅಂಥ ದೃಷ್ಟಿ ಎಲ್ಲರಿಗೂ ಇರುವುದಿಲ್ಲ. ಸತ್ತವರು ಎಲ್ಲಿದ್ದಾರೆಂದು ಹೇಳಿ ದುಡ್ಡು ಕೇಳುವವರ ಹತ್ತಿರ ದಯವಿಟ್ಟು ಹೋಗಬೇಡಿ. ಆದರೆ ಕೈಬಿಡಬಾರದು ಎಂಬುದನ್ನು ಈಗ ಧರ್ಮಸಭೆಯೇ ಸ್ಪಷ್ಟವಾಗಿ ಬೋಧಿಸುತ್ತದೆ. 1917ರ ಧರ್ಮಸಭಾ ಕಾನೂನಿನಲ್ಲಿ, ತಿಳಿದೂ ತಿಳಿದೂ ಆತ್ಮಹತ್ಯೆ ಮಾಡಿಕೊಂಡು, ಸಾಯುವ ಮುನ್ನ ಪಶ್ಚಾತ್ತಾಪದ ಗುರುತನ್ನೂ ತೋರದವರಿಗೆ ಧರ್ಮಸಭೆಯ ಅಂತ್ಯಕ್ರಿಯೆ ಇಲ್ಲ ಎಂದಿತ್ತು. 1983ರ ಕಾನೂನಿನಲ್ಲಿ ಆ ಮಾತು ಇಲ್ಲ. ಅಂಥವರ ನಿತ್ಯ ರಕ್ಷಣೆಯ ಬಗ್ಗೆ ನಿರಾಶರಾಗಬೇಡಿ, ದೇವರಿಗೆ ಮಾತ್ರ ತಿಳಿದಿರುವ ದಾರಿಯಲ್ಲಿ ಅವರಿಗೆ ಪಶ್ಚಾತ್ತಾಪದ ಅವಕಾಶ ದೊರೆತಿರಬಹುದು ಎಂಬ ಅರ್ಥದ ಬೋಧನೆ 1992ರ ಧರ್ಮೋಪದೇಶ ಗ್ರಂಥದಲ್ಲಿದೆ.

ಬಲಿಪೂಜೆಗೆ ಹೆಸರು ಬರೆಸಲು ಬರುವ ಕೆಲವರು ಇಂಥ ಹೆಸರು ಬಂದಾಗ ದನಿ ತಗ್ಗಿಸುತ್ತಾರೆ. ಬರೆಸಬಹುದೋ ಇಲ್ಲವೋ ಅಂತ ಅತ್ತಿತ್ತ ನೋಡಿ, ಕೊನೆಗೆ ಅಜ್ಜ ಅಜ್ಜಿಯ ಹೆಸರು ಮಾತ್ರ ಕೊಟ್ಟು ಹೋಗುತ್ತಾರೆ. ಹಾಗೆ ಮಾಡಬೇಡಿ. ಆ ಹೆಸರನ್ನೂ ಕೊಡಿ. ಹೇಗೆ ತೀರಿಕೊಂಡರು ಎಂದು ಬರೆಯುವ ಕಾಲಂ ರಿಜಿಸ್ಟರಿನಲ್ಲಿ ಇಲ್ಲ. ಗುರುಗಳು ಪೀಠದಲ್ಲಿ ಓದುವಾಗ ಅಜ್ಜ ಅಜ್ಜಿಯ ಹೆಸರಿನ ಪಕ್ಕದಲ್ಲೇ ಅದನ್ನೂ ಓದುತ್ತಾರೆ.